ತಡವಯಸ್ಸಿನ ಗರ್ಭಧಾರಣೆ

ತಡವಯಸ್ಸಿನ ಗರ್ಭಧಾರಣೆ ಎಂದರೆ ಸಾಮಾನ್ಯವಾಗಿ 35 ವರ್ಷ ತುಂಬಿದ ಮೇಲೆ ಮಹಿಳೆಯು ಗರ್ಭ ಧರಿಸುವುದು. ಉನ್ನತ ಶಿಕ್ಷಣ, ಉದ್ಯೋಗ, ತಡವಾದ ವಿವಾಹ ಮತ್ತು ಮರುವಿವಾಹ ಇದಕ್ಕೆ ಮುಖ್ಯ ಕಾರಣಗಳು. ಈ ವಯಸ್ಸಿನಲ್ಲಿಯೂ ಅನೇಕರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಆದರೆ ಗರ್ಭ ನಿಲ್ಲುವ ಸಾಧ್ಯತೆಯು ಕ್ರಮೇಣ ಕುಗ್ಗುತ್ತದೆ. ಈ ಬದಲಾವಣೆಯು ಹೊರನೋಟಕ್ಕೆ ಕಾಣುವುದಿಲ್ಲ.

ಅಂಡಾಣುಗಳ ಸಂಗ್ರಹ

ಹೆಣ್ಣುಮಗುವಿನ ಅಂಡಾಶಯಗಳಲ್ಲಿ ಜನನದ ವೇಳೆಗೆ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಪ್ರಾಯಕ್ಕೆ ಬರುವಾಗ ಉಳಿಯುವುದು ಸುಮಾರು 3ರಿಂದ 4 ಲಕ್ಷ. ಇವುಗಳಲ್ಲಿ ಪಕ್ವವಾಗಿ ಬಿಡುಗಡೆಯಾಗುವುದು ಜೀವಮಾನದಲ್ಲಿ ಕೇವಲ 400ರಿಂದ 500. ಉಳಿದವು ತಾವಾಗಿಯೇ ನಶಿಸುತ್ತವೆ. ಫಲವತ್ತತೆಯು 32ನೆಯ ವಯಸ್ಸಿನ ಸುಮಾರಿಗೆ ಇಳಿಯತೊಡಗಿ, 37ರ ನಂತರ ವೇಗವಾಗಿ ಕುಸಿಯುತ್ತದೆ.

ಅಂಡಾಣುಗಳ ಗುಣಮಟ್ಟ

ಸಂಖ್ಯೆಗಿಂತ ಗುಣಮಟ್ಟವು ಹೆಚ್ಚು ಮಹತ್ವದ್ದು. ವಯಸ್ಸಾದ ಅಂಡಾಣುವು ವಿಭಜನೆಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗದೆ ಇರಬಹುದು. ಇದರಿಂದ ಗರ್ಭಪಾತದ ಸಂಭವ ಹೆಚ್ಚುತ್ತದೆ. ಡೌನ್ ಸಿಂಡ್ರೋಮ್ ಇರುವ ಮಗು ಜನಿಸುವ ಸಂಭವವು ತಾಯಿಗೆ 25 ವರ್ಷವಾಗಿದ್ದಾಗ ಸುಮಾರು 1,250ಕ್ಕೆ 1, 35ರಲ್ಲಿ 350ಕ್ಕೆ 1 ಮತ್ತು 40ರಲ್ಲಿ 100ಕ್ಕೆ 1 ಇರುತ್ತದೆ. ಋತುಸ್ರಾವವು ಕ್ರಮಬದ್ಧವಾಗಿದ್ದ ಮಾತ್ರಕ್ಕೆ ಅಂಡಾಣುಗಳ ಗುಣಮಟ್ಟ ಉತ್ತಮವಾಗಿದೆ ಎನ್ನಲಾಗದು. ಎಎಂಎಚ್ ಎಂಬ ರಕ್ತಪರೀಕ್ಷೆಯು ಉಳಿದಿರುವ ಸಂಗ್ರಹದ ಅಂದಾಜನ್ನು ನೀಡುತ್ತದೆಯೇ ಹೊರತು ಗುಣಮಟ್ಟವನ್ನು ತಿಳಿಸುವುದಿಲ್ಲ.

ಪುರುಷರ ಪಾತ್ರ

ಮಕ್ಕಳಾಗದಿರುವುದಕ್ಕೆ ಸ್ತ್ರೀಯನ್ನು ಮಾತ್ರ ಹೊಣೆಯಾಗಿಸುವ ರೂಢಿಯು ಸಮಾಜದಲ್ಲಿ ಇನ್ನೂ ಇದೆ. ವಾಸ್ತವವಾಗಿ ಹಲವು ದಂಪತಿಗಳಲ್ಲಿ ಪುರುಷರ ಕಡೆಯ ಕಾರಣವೂ ಇರುತ್ತದೆ. ವೀರ್ಯಾಣುಗಳು ನಿರಂತರವಾಗಿ ಉತ್ಪತ್ತಿಯಾಗುತ್ತಿದ್ದರೂ ವಯಸ್ಸಾದಂತೆ ಅವುಗಳ ಚಲನಶಕ್ತಿ ಕುಗ್ಗುತ್ತದೆ. ವೀರ್ಯಪರೀಕ್ಷೆಯು ಸರಳವಾದುದರಿಂದ ಅದನ್ನು ಆರಂಭದಲ್ಲಿಯೇ ಮಾಡಿಸುವುದು ಸೂಕ್ತ. ಅದನ್ನು ಮುಂದೂಡಿದರೆ ಪತ್ನಿಯ ಅಮೂಲ್ಯ ಕಾಲವೂ ವ್ಯರ್ಥವಾಗುತ್ತದೆ.

ವೈದ್ಯಕೀಯ ಸಲಹೆ

ಪತ್ನಿಯ ವಯಸ್ಸು 35ಕ್ಕಿಂತ ಕಡಿಮೆಯಿದ್ದರೆ ಒಂದು ವರ್ಷ, 35 ಅಥವಾ ಹೆಚ್ಚಿದ್ದರೆ ಆರು ತಿಂಗಳು ಪ್ರಯತ್ನಿಸಿದ ನಂತರವೂ ಗರ್ಭ ನಿಲ್ಲದಿದ್ದಲ್ಲಿ ದಂಪತಿಗಳಿಬ್ಬರೂ ತಜ್ಞರನ್ನು ಕಾಣಬೇಕು. 40 ದಾಟಿದವರು ಕಾಯದೆ ಸಲಹೆ ಪಡೆಯುವುದು ಒಳಿತು. ಗರ್ಭಧಾರಣೆಗೆ ಮೊದಲೇ ಫೋಲಿಕ್ ಆಮ್ಲ ಸೇವನೆಯನ್ನು ಆರಂಭಿಸುವುದು, ರಕ್ತದೊತ್ತಡ, ಮಧುಮೇಹ ಹಾಗೂ ಥೈರಾಯ್ಡ್ ತಪಾಸಣೆ ಮಾಡಿಸುವುದು, ತಂಬಾಕನ್ನು ತ್ಯಜಿಸುವುದು ಅಗತ್ಯ.

ಚಿಕಿತ್ಸೆಯ ಮಿತಿ

ಪ್ರನಾಳ ಶಿಶು ವಿಧಾನವು (ಐವಿಎಫ್) ಅಂಡಾಣುವಿನ ವಯಸ್ಸನ್ನು ಹಿಂದಕ್ಕೆ ತಿರುಗಿಸಲಾರದು. ಆದ್ದರಿಂದ ಸ್ವಂತ ಅಂಡಾಣು ಬಳಸಿದಾಗ ಅದರ ಯಶಸ್ಸೂ ವಯಸ್ಸಿನೊಂದಿಗೆ ಇಳಿಯುತ್ತದೆ. ಕಿರಿಯ ದಾನಿಯ ಅಂಡಾಣು ಬಳಸಿದರೆ ಯಶಸ್ಸಿನ ಸಾಧ್ಯತೆ ಗಣನೀಯವಾಗಿ ಹೆಚ್ಚುತ್ತದೆ. ಆದರೂ ತಾಯಿಗೆ ರಕ್ತದೊತ್ತಡ ಮತ್ತು ಗರ್ಭಾವಸ್ಥೆಯ ಮಧುಮೇಹದ ಅಪಾಯ ಉಳಿದೇ ಇರುತ್ತದೆ.

ಭಾರತದಲ್ಲಿ ಕಾನೂನು

2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಇಂತಹ ಚಿಕಿತ್ಸೆಯನ್ನು 21 ವರ್ಷ ಮೀರಿದ, 50 ವರ್ಷದೊಳಗಿನ ಮಹಿಳೆಯರಿಗೂ 21 ವರ್ಷ ಮೀರಿದ, 55 ವರ್ಷದೊಳಗಿನ ಪುರುಷರಿಗೂ ಮಾತ್ರ ನೀಡಬಹುದು.