ಕಿರುಕೋಣೆಯಲ್ಲಿ ನಾದಶ್ರವಣ

ಧ್ವನಿಮುದ್ರಿಕೆಗಳನ್ನು ಮನೆಯಲ್ಲಿಯೇ ಕುಳಿತು ಕೇಳಬೇಕೆಂದು ಬೆಲೆಬಾಳುವ ಸ್ಟೀರಿಯೊ ಸ್ಪೀಕರುಗಳನ್ನು ಕೊಳ್ಳಹೊರಡುವ ಸಂಗೀತರಸಿಕನು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವನು: ತಯಾರಕರು ಯಾರು? ಬೆಲೆಯೆಷ್ಟು? ಆ ಪೆಟ್ಟಿಗೆಗಳು ನುಡಿಯಬೇಕಾದ ಕೋಣೆಯು ಎಷ್ಟು ದೊಡ್ಡದೆಂಬ ಪ್ರಶ್ನೆಯು ಹಣ ತೆತ್ತ ಮೇಲೆ ತಲೆಯೆತ್ತುತ್ತದೆ. ವೀಣೆಯ ತಂತಿಗೆ ಕೊಡವು ಹೇಗೋ ಸ್ಪೀಕರಿಗೆ ಕೋಣೆಯು ಹಾಗೆ. ಒಂದನ್ನು ಬಿಟ್ಟು ಇನ್ನೊಂದರ ಗುಣವನ್ನು ಹೇಳಲಾಗದು. ಕೋಣೆಯು ಚಿಕ್ಕದಾದಷ್ಟೂ ಈ ಸಂಬಂಧವು ಬಿಗಿಯಾಗುತ್ತದೆ.

ಉದಾಹರಣೆಗೆ 4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರವುಳ್ಳ ಕೋಣೆಯೊಂದನ್ನು ತೆಗೆದುಕೊಳ್ಳಬಹುದು. ಶಬ್ದವು ವಾಯುವಿನಲ್ಲಿ ಸೆಕೆಂಡಿಗೆ ಸುಮಾರು 344 ಮೀಟರು ಸಾಗುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವಣ ದೂರವು ಯಾವ ಅಲೆಯ ಉದ್ದದ ಅರ್ಧಕ್ಕೆ ಸಮವಾಗುವುದೋ ಆ ಅಲೆಯು ಗೋಡೆಯಿಂದ ಗೋಡೆಗೆ ಹೋಗಿ ಬಂದು, ತನ್ನೊಡನೆ ತಾನೇ ಕೂಡಿಕೊಂಡು, ನಿಂತ ಅಲೆಯಾಗಿ ಬಲಿಯುತ್ತದೆ. ಲೆಕ್ಕ ಹಾಕಿದರೆ ಈ ಕೋಣೆಯು ಉದ್ದದಲ್ಲಿ ಸೆಕೆಂಡಿಗೆ 43 ಕಂಪನಗಳ ಸ್ವರಕ್ಕೂ, ಅಗಲದಲ್ಲಿ 57ಕ್ಕೂ, ಎತ್ತರದಲ್ಲಿ ಮತ್ತೆ 57ಕ್ಕೂ ಅನುನಾದವನ್ನು ಕೊಡುವುದು. ಅಗಲವೂ ಎತ್ತರವೂ ಒಂದೇ ಆದ ಕಾರಣ ಎರಡು ಅನುನಾದಗಳು ಒಂದೇ ಸ್ವರದ ಮೇಲೆ ಬಂದು ಬೀಳುತ್ತವೆ. ಮನೆ ಕಟ್ಟುವವರು ಅರಿಯದೆ ಮಾಡುವ ಅಪಚಾರವಿದು.

ಮೇಲಣ ಸ್ವರಗಳಲ್ಲಿ ಇಂಥ ಅನುನಾದಗಳು ಒತ್ತೊತ್ತಾಗಿ ಬಂದು ಒಂದರೊಳಗೊಂದು ಬೆರೆತುಹೋಗುವುದರಿಂದ ಕಿವಿಗೆ ಬಾಧಕವಿಲ್ಲ. ಕೆಳಗಿನವು ಮಾತ್ರ ಒಂಟೊಂಟಿಯಾಗಿ ನಿಂತು, ಒಂದು ಸ್ವರವನ್ನು ಉಬ್ಬಿಸಿ ಪಕ್ಕದ ಸ್ವರವನ್ನು ನುಂಗುತ್ತವೆ. ಇವೆರಡರ ನಡುವಣ ಎಲ್ಲೆಯನ್ನು ಗೊತ್ತುಮಾಡುವ ಸೂತ್ರವನ್ನು ಮ್ಯಾನ್‌ಫ್ರೆಡ್ ಷ್ರೋಡರ್ ಎಂಬ ಜರ್ಮನ್ ವಿಜ್ಞಾನಿಯು ಕೊಟ್ಟಿದ್ದಾನೆ. ಮೇಲೆ ಹೇಳಿದ ಕೋಣೆಯಲ್ಲಿ ಮಾರ್ದನಿಯು 0.4 ಸೆಕೆಂಡಿನಲ್ಲಿ ಅಡಗುವುದಾದರೆ ಆ ಎಲ್ಲೆಯು ಸುಮಾರು 210 ಕಂಪನಗಳಲ್ಲಿ ಬೀಳುವುದು. ಹತ್ತು ಸಾವಿರ ಘನಮೀಟರಿನ, 2 ಸೆಕೆಂಡು ಮಾರ್ದನಿಯ ಸಭಾಂಗಣದಲ್ಲಿಯಾದರೋ ಅದು 28ಕ್ಕೆ ಇಳಿಯುತ್ತದೆ. ಎಂದರೆ ಚಿಕ್ಕ ಕೋಣೆಯಲ್ಲಿ 210ರ ಮೇಲೆ ಸ್ಪೀಕರಿನ ಆಳ್ವಿಕೆ, ಅದರ ಕೆಳಗೆ ಕೋಣೆಯ ಆಳ್ವಿಕೆ. ಬೆಲೆ ಏರುತ್ತ ಹೋದಂತೆ ಕೊಳ್ಳುವವನು ತೆರುವ ಹಣದ ಬಹುಭಾಗವು ದೊಡ್ಡ ಪೆಟ್ಟಿಗೆಗೂ ಅಗಲವಾದ ಶಂಕುವಿಗೂ, ಅರ್ಥಾತ್ ಮಂದ್ರನಾದಕ್ಕೆ, ಸಲ್ಲುತ್ತದೆ. ಅದನ್ನು ಕೆಡಿಸುವ ಅಧಿಕಾರವು ಅವನ ಗೋಡೆಗಳ ಕೈಯಲ್ಲಿಯೇ ಉಳಿದಿರುತ್ತದೆ.

ಇದರ ಪರಿಣಾಮವು ತಂಬೂರಿಯಲ್ಲಿ ಸ್ಪಷ್ಟವಾಗಿ ತೋರುವುದು. ತಗ್ಗು ಶ್ರುತಿಯ ಗಾಯಕನೊಬ್ಬನ ಮಧ್ಯಷಡ್ಜವು 115 ಕಂಪನಗಳ ಆಸುಪಾಸಿನಲ್ಲಿದ್ದರೆ ಅವನ ತಂಬೂರಿಯ ಮಂದ್ರಷಡ್ಜವು 57ರ ಬಳಿ ನಿಲ್ಲುತ್ತದೆ. ಅಗಲದ ಅನುನಾದವೂ ಎತ್ತರದ ಅನುನಾದವೂ ಕಾದು ಕುಳಿತಿರುವ ಸ್ಥಾನವದೇ! ದೊಡ್ಡ ಸ್ಪೀಕರು ಆ ಸ್ವರವನ್ನು ನಿಷ್ಠೆಯಿಂದ ನುಡಿಸಿದಷ್ಟೂ ಕೋಣೆಯು ಅದನ್ನು ಹಿಗ್ಗಿಸಿ ಗಾಯನವನ್ನು ಮಸುಕುಮಾಡುತ್ತದೆ. ದೂರು ಮಾತ್ರ ಯಂತ್ರದ ಮೇಲೆ.

ಹಾಗಾದರೆ ಮಂದ್ರವನ್ನು ಪೂರ್ಣವಾಗಿ ಕೊಡಲಾರದ ಚಿಕ್ಕ ಸ್ಪೀಕರಿನಲ್ಲಿ ತಂಬೂರಿಯು ಬಡವಾಗುವುದಿಲ್ಲವೆ ಎಂಬ ಆಕ್ಷೇಪವುಂಟು. ತಂಬೂರಿ, ವೀಣೆಗಳ ವಿಶಿಷ್ಟವಾದ ಕುದುರೆಯು ತಂತಿಯಲ್ಲಿ ಉಪಸ್ವರಗಳ ಸಮೃದ್ಧಿಯನ್ನು ಉಂಟುಮಾಡುವುದೆಂದೂ, ಮೀಟಿದ ಸ್ಥಾನದಿಂದಾಗಿ ಇರಕೂಡದ ಉಪಸ್ವರಗಳು ಕೂಡ ಅಲ್ಲಿ ಕೇಳಿಬರುವುವೆಂದೂ ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ಪ್ರಕಟಿಸಿದರು. ಮೂಲಸ್ವರವು ಕ್ಷೀಣವಾದರೂ ಉಪಸ್ವರಗಳ ಸರಣಿಯು ಕ್ರಮವಾಗಿದ್ದರೆ ಕಿವಿಯು ಆ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಆದುದರಿಂದ 100ಕ್ಕೆ ಮೇಲ್ಪಟ್ಟದ್ದನ್ನು ಶುದ್ಧವಾಗಿ ನುಡಿಯುವ ಚಿಕ್ಕ ಪೆಟ್ಟಿಗೆಯಲ್ಲಿ ಷಡ್ಜವು ಕಳೆದುಹೋಗುವುದಿಲ್ಲ. ಅದರ ತೂಕವು ಕೊಂಚ ಕುಗ್ಗೀತು, ಅಷ್ಟೆ.

ಈ ತತ್ತ್ವಕ್ಕೆ ಪ್ರಸಿದ್ಧವಾದ ನಿದರ್ಶನವೊಂದುಂಟು. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಗೆ 1970ರ ದಶಕದ ಆರಂಭದಲ್ಲಿ, ಹೊರಾಂಗಣ ಪ್ರಸಾರದ ವಾಹನಗಳೊಳಗೆ ಇಟ್ಟು ಧ್ವನಿಯನ್ನು ಪರೀಕ್ಷಿಸಲು ಸ್ಪೀಕರು ಬೇಕಾಗಿತ್ತು. ವಾಹನಕ್ಕಿಂತ ಕಿರಿದಾದ ಕೋಣೆ ಎಲ್ಲಿದ್ದೀತು? ಸಂಸ್ಥೆಯ ಸಂಶೋಧಕರು ಎಲ್.ಎಸ್. 3/5ಎ ಎಂಬ, ಸುಮಾರು 30 ಸೆಂಟಿಮೀಟರು ಎತ್ತರದ, ಎಲ್ಲ ಕಡೆಯೂ ಮುಚ್ಚಿದ ಪೆಟ್ಟಿಗೆಯನ್ನು ರಚಿಸಿದರು. ಅದರ ಗೋಡೆಗಳು 12 ಮಿಲಿಮೀಟರಿನ ಬರ್ಚ್ ಪ್ಲೈವುಡ್ಡಿನವು. ಆಳವಾದ ಮಂದ್ರದ ಆಸೆಯನ್ನು ಅವರು ಬಿಟ್ಟುಕೊಟ್ಟರು. ಮನುಷ್ಯನ ಕಂಠವು ಕಂಠದಂತೆಯೇ ಕೇಳಬೇಕೆಂಬ ಹಟವನ್ನು ಬಿಡಲಿಲ್ಲ. ಹಾರ್ವುಡ್, ವಾಟನ್, ಮಿಲ್ಸ್ ಎಂಬವರು 1976ರ ವರದಿಯಲ್ಲಿ ಇದರ ರಚನಾಕ್ರಮವನ್ನು ವಿವರಿಸಿದ್ದಾರೆ. ವಾಹನಕ್ಕೆಂದು ಹುಟ್ಟಿದ ಈ ಪೆಟ್ಟಿಗೆಯು ಪರವಾನಗಿ ಪಡೆದ ತಯಾರಕರ ಮೂಲಕ ಮನೆಗಳನ್ನು ಸೇರಿ ರಸಿಕರ ಅಚ್ಚುಮೆಚ್ಚಾಯಿತು. ಅದರ ಕುಂದನ್ನೂ ಹೇಳಬೇಕು: ಅದು ವಿದ್ಯುಚ್ಛಕ್ತಿಯನ್ನು ಹೆಚ್ಚಾಗಿ ಬೇಡುತ್ತದೆ, ಅಬ್ಬರವನ್ನು ಸಹಿಸದು. ಎರಡು ಮೀಟರು ದೂರದಲ್ಲಿ ಕುಳಿತವನಿಗೆ ಅಬ್ಬರದಿಂದ ಪ್ರಯೋಜನವೂ ಇಲ್ಲ. ಆರ್ಗನ್ ಸಂಗೀತದ ಆಳವನ್ನೇ ಅರಸುವವರಿಗೆ ಮಾತ್ರ ಇದು ಸಾಲದು.

ಇನ್ನು ಮಾರ್ದನಿಯ ಮಾತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನನು 1895ರಲ್ಲಿ, ಮಾತೇ ತಿಳಿಯದಿದ್ದ ಉಪನ್ಯಾಸಮಂದಿರವೊಂದಕ್ಕೆ ನಾಟ್ಯಶಾಲೆಯ ಮೆತ್ತೆಗಳನ್ನು ಹೊರಿಸಿ ತಂದು, ಅವುಗಳ ಸಂಖ್ಯೆ ಹೆಚ್ಚಿದಂತೆ ಮಾರ್ದನಿಯು ಎಷ್ಟು ಬೇಗ ಅಡಗುವುದೆಂದು ಅಳೆಯತೊಡಗಿದನು. ಅವನ ಸೂತ್ರದಂತೆ ನೋಡಿದರೆ ಮೇಲಣ ಕೋಣೆಯು ಬರಿಯ ಗಾರೆಗೋಡೆ, ಕಲ್ಲುನೆಲದ್ದಾದಾಗ ಮಾರ್ದನಿಯು ಸುಮಾರು 3 ಸೆಕೆಂಡು ಉಳಿಯುತ್ತದೆ. ಅಂಥಲ್ಲಿ ಎಷ್ಟು ಬೆಲೆಯ ಸ್ಪೀಕರೂ ವ್ಯರ್ಥ. ಜಮಖಾನೆ, ದಪ್ಪ ಪರದೆ, ಹತ್ತಿ ತುಂಬಿದ ಆಸನ ಇವುಗಳಿಂದ ಅದು ತಗ್ಗುತ್ತದೆ. ಪುಸ್ತಕಗಳಿಂದ ಕಿಕ್ಕಿರಿದ ಕಪಾಟು ಶಬ್ದವನ್ನು ಹೀರುವುದು ಅಲ್ಪ, ಚದುರಿಸುವುದು ಅಧಿಕ. ಈ ವಿಷಯದಲ್ಲಿ ವಿದ್ವಾಂಸರು ಶ್ರೀಮಂತರಿಗಿಂತ ಅದೃಷ್ಟಶಾಲಿಗಳು.

ಇಡುವ ಸ್ಥಳವೂ ಆಯ್ಕೆಯ ಒಂದು ಅಂಗವೇ. ಹಿಂದಿನ ಗೋಡೆಯಿಂದ ಸ್ಪೀಕರು 1 ಮೀಟರು ದೂರವಿದ್ದರೆ 86 ಕಂಪನಗಳ ಸ್ವರವು ಗೋಡೆಯಿಂದ ಮರಳಿ ಬಂದು ತನ್ನನ್ನೇ ಅಳಿಸಿಕೊಳ್ಳುತ್ತದೆ. ಗೋಡೆಗೆ ಆನಿಸಿದರೆ ಮಂದ್ರವು ಉಬ್ಬುತ್ತದೆ. ಮೊದಲೇ ಮಂದ್ರದಲ್ಲಿ ಮಿತಿಯುಳ್ಳ ಪೆಟ್ಟಿಗೆಗೆ ಗೋಡೆಯ ಸಾಮೀಪ್ಯವು ಉಪಕಾರಿ, ಮಂದ್ರಪುಷ್ಟವಾದುದಕ್ಕೆ ಅಪಕಾರಿ. ಕೇಳುವವನು ಕೋಣೆಯ ಉದ್ದದ ನಟ್ಟನಡುವೆ ಕುಳಿತರೆ 43ರ ಸ್ವರವು ಬಹುಮಟ್ಟಿಗೆ ಮಾಯವಾಗುವುದು, ಹಿಂಗೋಡೆಗೆ ಒರಗಿದರೆ ಅದೇ ಇಮ್ಮಡಿಸುವುದು. ಇವೆರಡರ ನಡುವೆ ಆಸನವನ್ನು ಅಂಗುಲಂಗುಲ ಸರಿಸಿ ನೋಡಬೇಕು. ಎರಡು ಸ್ಪೀಕರುಗಳೂ ಕೇಳುವವನೂ ಸಮತ್ರಿಕೋನದಲ್ಲಿರುವುದು ರೂಢಿ.

ಅಂಗಡಿಯ ವಿಶಾಲವಾದ ಕೋಣೆಯಲ್ಲಿ ಕೇಳಿ ನಿರ್ಣಯಿಸಬಾರದೆಂಬುದು ಇಷ್ಟರಿಂದ ವಿದಿತವಾಗುವುದು. ಕೊಳ್ಳುವ ಮುನ್ನ ಕೆಲವು ದಿನ ಮನೆಗೆ ಕೊಡುವ ವರ್ತಕನನ್ನು ಹುಡುಕಬೇಕು. ಪರೀಕ್ಷೆಗೆ ಚಮತ್ಕಾರದ ಮುದ್ರಿಕೆ ಬೇಡ. ನಿತ್ಯ ಪರಿಚಯವಿರುವವರೊಬ್ಬರ ಮಾತನ್ನು ಮುದ್ರಿಸಿಕೊಂಡು, ಅವರನ್ನೇ ಎದುರಿಗೆ ಕುಳ್ಳಿರಿಸಿ, ಎರಡನ್ನೂ ಒಂದರ ಹಿಂದೊಂದು ಕೇಳಬಹುದು. ಗಂಡುದನಿಯು ಪೀಪಾಯಿಯೊಳಗಿಂದ ಬಂದಂತಿದ್ದರೆ ಪೆಟ್ಟಿಗೆಯನ್ನು ಮೊದಲು ಗೋಡೆಯಿಂದ ಒಂದು ಗೇಣು ಮುಂದೆ ತರಬೇಕು. ಆಗಲೂ ಹಾಗೆಯೇ ಕೇಳಿದರೆ ಅದನ್ನು ಹಿಂದಕ್ಕೆ ಕಳುಹಿಸಬೇಕು.