ಊರಿನ ಹೆಸರು ಹೊತ್ತ ತಿನಿಸು: ಪ್ರವಾಸಿಯ ರುಚಿ, ವರ್ತಕನ ಹೊಣೆ

ಇಟಲಿಯ ಉಂಬ್ರಿಯಾ ಪ್ರಾಂತದ ಬೆಟ್ಟಸೀಮೆಯಲ್ಲಿ ನೋರ್ಚಾ ಎಂಬ ಸಣ್ಣ ಪಟ್ಟಣವಿದೆ. ಅದರ ಮೇಲಣ ಕಾಸ್ತೆಲ್ಲೂಚೊ ಬಯಲಿನಲ್ಲಿ ಬೆಳೆಯುವ ಸಣ್ಣ ಕಾಳಿನ ಮಸೂರವನ್ನು ಉಣ್ಣಲೆಂದೇ ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ಯುರೋಪಿನಲ್ಲಿ 1992ರಲ್ಲಿ ಬಂದ ನಿಯಮಗಳ ಅನ್ವಯ ಈ ಮಸೂರದ ಹೆಸರಿಗೆ ಕಾನೂನಿನ ರಕ್ಷಣೆ ದೊರೆತಿದೆ. 2016ರ ಅಕ್ಟೋಬರ್ 30ರ ಭೂಕಂಪದಲ್ಲಿ ಪಟ್ಟಣವು ಜರ್ಜರಿತವಾಯಿತು, ಮೇಲಕ್ಕೆ ಹೋಗುವ ರಸ್ತೆಯೂ ಕೆಟ್ಟಿತು. ಆದರೂ 2017ರ ವಸಂತದಲ್ಲಿ ರೈತರು ಟ್ರ್ಯಾಕ್ಟರುಗಳ ಸಾಲು ಕಟ್ಟಿಕೊಂಡು ಹೋಗಿ ಬಿತ್ತನೆ ಮಾಡಿ ಬಂದರು. ಸೀಮೆಯ ಹೊರಗೆ ಬಿತ್ತಿದ್ದರೆ ಬೆಳೆಗೆ ಆ ಹೆಸರು ಹಚ್ಚಲು ಬರುತ್ತಿರಲಿಲ್ಲ.

ಧಾರವಾಡಕ್ಕೆ ಬರುವ ಪ್ರವಾಸಿಯೂ ಅಂಥದೇ ನಿರೀಕ್ಷೆಯಿಂದ ಬರುತ್ತಾನೆ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಶೇಂಗಾ ಹಾಗೂ ಗುರೆಳ್ಳಿನ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಇವು ಬೇರೆಡೆ ಸುಲಭವಾಗಿ ಸಿಗುವಂಥವಲ್ಲ. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆ ಬಂದು ನೆಲೆಸಿರುವ ವಿದ್ಯಾರ್ಥಿಗಳಿಗೆ ಇದು ನಿತ್ಯದ ಊಟ. ಪರ ಊರಿನ ಅತಿಥಿಗೆ ಮಾತ್ರ ನಮ್ಮಲ್ಲಿ ಅನೇಕರು ಪನೀರ್, ನಾನ್‌ಗಳನ್ನೇ ಬಡಿಸುವುದು ನನಗೆ ಇಂದಿಗೂ ಸೋಜಿಗ.

ಊಟದ ನಂತರ ಪ್ರವಾಸಿಯು ಕೇಳುವುದು ಪೇಡಾ. ಉತ್ತರ ಪ್ರದೇಶದ ಉನ್ನಾವೋ ಕಡೆಯಿಂದ ಬಂದ ಠಾಕೂರ್ ಮನೆತನವು ಇಲ್ಲಿ ಆರಂಭಿಸಿದ ಈ ಸಿಹಿಯಿಂದಾಗಿ ಲೈನ್ ಬಜಾರಿನ ಹೆಸರು ದೂರದವರೆಗೆ ಹಬ್ಬಿತು. ಖೋವಾವನ್ನು ಸಕ್ಕರೆಯೊಡನೆ ಕಂದುಬಣ್ಣ ಬರುವವರೆಗೆ ಹುರಿಯುವುದೇ ಇದರ ಮರ್ಮ. ಈ ಭಾಗದ ಗೌಳಿಗರು ಸಾಕುತ್ತ ಬಂದ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ರಾಷ್ಟ್ರಮಟ್ಟದ ಮಾನ್ಯತೆ 2021ರಲ್ಲಿ ದೊರೆತಿದೆ.

ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ಕೆಲಸಕ್ಕೆಂದು ಪರ ಜಿಲ್ಲೆಗೆ ಹೋದಾಗ, ಹೆದ್ದಾರಿಯ ಅಂಗಡಿಯೊಂದರಲ್ಲಿ ‘ಅಸಲಿ ಧಾರವಾಡ ಪೇಡಾ’ ಎಂದು ಮುದ್ರಿಸಿದ್ದ ಡಬ್ಬಿಯನ್ನು ಕುತೂಹಲಕ್ಕೆ ಕೊಂಡೆ. ತಯಾರಕರ ವಿಳಾಸವಾಗಲಿ, ತಯಾರಿಸಿದ ದಿನಾಂಕವಾಗಲಿ ಇರಲಿಲ್ಲ. ರುಚಿಯಂತೂ ಬರೀ ಸಕ್ಕರೆ. ಅದನ್ನೇ ತಿಂದ ಹೊಸಬನೊಬ್ಬನು ನಮ್ಮ ಊರಿನ ಪೇಡಾ ಇಷ್ಟೇ ಎಂದು ತಿಳಿಯುವನಲ್ಲವೇ? ಆ ನಷ್ಟವು ಯಾವ ವರ್ತಕನ ಲೆಕ್ಕಪುಸ್ತಕದಲ್ಲಿಯೂ ಕಾಣುವುದಿಲ್ಲ.

ಇದಕ್ಕೆ ಪರಿಹಾರವೆಂದು ಇರುವುದು 1999ರ ಸರಕುಗಳ ಭೌಗೋಳಿಕ ಸೂಚಕಗಳ ಕಾಯಿದೆ. ಇದು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಧಾರವಾಡ ಪೇಡಾ ಇದರಡಿ ನೋಂದಣಿಯಾಗಿ ಒಂದೂವರೆ ದಶಕಕ್ಕೂ ಹೆಚ್ಚಾಯಿತು. ನೆರೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಈ ಮಾನ್ಯತೆ ಬಂದಿತು. ಆದರೆ ಸರಕು ನೋಂದಣಿಯಾದ ಮಾತ್ರಕ್ಕೆ ಆ ಊರಿನ ಪ್ರತಿಯೊಬ್ಬ ತಯಾರಕನಿಗೂ ತಾನಾಗಿಯೇ ಹಕ್ಕು ಬಂದುಬಿಡುವುದಿಲ್ಲ. 17ನೆಯ ಕಲಮಿನ ಪ್ರಕಾರ ಆತನು ‘ಅಧಿಕೃತ ಬಳಕೆದಾರ’ನೆಂದು ಪ್ರತ್ಯೇಕವಾಗಿ ಹೆಸರು ದಾಖಲಿಸಬೇಕು. ಹೀಗೆ ದಾಖಲಾದವನಿಗೆ ಮಾತ್ರ ಆ ಹೆಸರನ್ನು ಬಳಸುವ ವಿಶೇಷಾಧಿಕಾರ. ಸರಕನ್ನು ತಯಾರಿಸುವವರಲ್ಲದೆ ಆ ತಯಾರಿಕೆಯಲ್ಲಿ ವ್ಯವಹಾರ ನಡೆಸುವವರೂ ಕಾಯಿದೆಯ ವ್ಯಾಖ್ಯೆಯಲ್ಲಿ ಬರುತ್ತಾರೆ ಎಂಬುದನ್ನು ನಮ್ಮ ವರ್ತಕ ಬಾಂಧವರು ಗಮನಿಸಬೇಕು. ಅರ್ಜಿಯನ್ನು ಚೆನ್ನೈನಲ್ಲಿರುವ ನೋಂದಣಿ ಕಚೇರಿಗೆ ಸಲ್ಲಿಸಬೇಕು. 2020ರ ತಿದ್ದುಪಡಿಯ ನಂತರ ವಿಧಾನವು ಸರಳವಾಗಿದೆ. ನೋಂದಣಿಯ ಅವಧಿ 10 ವರ್ಷ, ಆಮೇಲೆ ನವೀಕರಣ. ಮರೆತರೆ ಹೆಸರು ದಾಖಲೆಯಿಂದ ಹೋಗುವ ಸಂಭವವುಂಟು.

ಟ್ರೇಡ್‌ಮಾರ್ಕಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಂಗಡಿಯ ಟ್ರೇಡ್‌ಮಾರ್ಕನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಬ್ಯಾಂಕಿನಲ್ಲಿ ಒತ್ತೆಯಿಡಬಹುದು. ಭೌಗೋಳಿಕ ಸೂಚಕದ ಹಕ್ಕನ್ನು 24ನೆಯ ಕಲಮಿನಂತೆ ಹೀಗೆ ವರ್ಗಾಯಿಸಲು ಬಾರದು. ಅಧಿಕೃತ ಬಳಕೆದಾರನು ತೀರಿಕೊಂಡರೆ ವಾರಸುದಾರರಿಗೆ ಹೋಗುತ್ತದೆ, ಅಷ್ಟೇ. ಆದ್ದರಿಂದ ‘ನನ್ನ ಹೆಸರಿನಲ್ಲಿ ನೀನು ತಯಾರಿಸು’ ಎಂದು ಪರ ಊರಿನವನಿಗೆ ಲೈಸನ್ಸ್ ಕೊಡುವ ಒಪ್ಪಂದಗಳಿಗೆ ಸಹಿ ಹಾಕುವ ಮೊದಲು ಸದಸ್ಯರು ಸಲಹೆ ಪಡೆಯುವುದು ಒಳಿತು.

ತೆರಿಗೆಯ ಬಗೆಗೂ ಎರಡು ಮಾತು. ಪೇಡಾದ ಮೇಲೆ ಜಿ.ಎಸ್.ಟಿ. ಶೇಕಡಾ 5. ಸಾಮಾನ್ಯ ಖಾನಾವಳಿಯ ಊಟಕ್ಕೂ ಶೇಕಡಾ 5, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ ದೊರೆಯುವುದಿಲ್ಲ. ರೊಟ್ಟಿ, ಚಪಾತಿಗಳ ಮೇಲಿನ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಖಡಕ್ ರೊಟ್ಟಿಯನ್ನು ಪಾಕೀಟು ಮಾಡಿ ಮಾರುವ ಮಹಿಳಾ ಸಂಘಗಳಿಗೆ ಇದು ಅನುಕೂಲ. ಖಾನಾವಳಿಯ ತಾಟಿನಲ್ಲಿ ಬಡಿಸಿದ ರೊಟ್ಟಿಯಾದರೋ ಊಟದ ಸೇವೆಯ ಭಾಗ, ಅದಕ್ಕೆ ಈ ವಿನಾಯಿತಿಯಿಲ್ಲ. ಕಾಂಪೋಜಿಷನ್ ಪದ್ಧತಿಯಲ್ಲಿರುವ ಖಾನಾವಳಿಯು ತಾನು ಕಟ್ಟುವ ಶೇಕಡಾ 5ನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಆದರೂ ಬಿಲ್ಲಿನ ಕೆಳಗೆ ಹಾಗೆ ನಮೂದಿಸಿದ್ದನ್ನು ನಾನೇ ಕಂಡಿದ್ದೇನೆ. ಇಂಥ ಬಿಲ್ ಪುಸ್ತಕಗಳನ್ನು ಮುದ್ರಿಸಿಟ್ಟುಕೊಂಡವರು ಕೂಡಲೇ ಬದಲಾಯಿಸಿಕೊಳ್ಳಬೇಕು.