ಎಡಿನ್‌ಬರೋ ಗಿರಿದುರ್ಗ: ಬತ್ತೇರಿಯೊಳಗಿನ ರಾಜಗೋಪುರ

ದುರ್ಗಗಳ ವಾಸ್ತುವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಕಣ್ಣಿಗೆ ಬೀಳುವ ರೂಪವನ್ನೇ ಪ್ರಾಚೀನ ರೂಪವೆಂದು ಭಾವಿಸುವುದುಂಟು. ಸ್ಕಾಟ್ಲೆಂಡಿನ ಅರಸರ ನೆಲೆಯಾಗಿದ್ದ ಎಡಿನ್‌ಬರೋ ದುರ್ಗದಲ್ಲಿ ಈ ಭಾವನೆಯು ಹೆಜ್ಜೆಹೆಜ್ಜೆಗೂ ದಾರಿ ತಪ್ಪಿಸುತ್ತದೆ. ಜ್ವಾಲಾಮುಖಿಯ ನಾಳದಲ್ಲಿ ಹೆಪ್ಪುಗಟ್ಟಿ ನಿಂತ ಶಿಲೆಯೇ ಈ ಬೆಟ್ಟ. ಮೂರು ಪಾರ್ಶ್ವಗಳಲ್ಲಿ ಕಡಿದಾದ ಇದನ್ನು ಏರಲು ಪೂರ್ವದ ಇಳಿಜಾರೊಂದೇ ಸುಗಮವಾದುದು. ಆದುದರಿಂದ ಕಟ್ಟಿದವರ ಶ್ರಮವೂ ಮುತ್ತಿದವರ ಪ್ರಹಾರವೂ ಬಹುಮಟ್ಟಿಗೆ ಆ ಕಡೆಗೇ ಸೇರಿದುವು.

ಉಳಿದಿರುವ ಕಟ್ಟಡಗಳಲ್ಲಿ ಅತ್ಯಂತ ಹಳೆಯದು ಸಂತ ಮಾರ್ಗರೆಟ್ಟಳ ಹೆಸರಿನ ಪುಟ್ಟ ಪ್ರಾರ್ಥನಾಮಂದಿರ. ಹೆಸರು ರಾಣಿಯದಾದರೂ ಅದನ್ನು ಕಟ್ಟಿಸಿದವನು ಅವಳ ಮಗನೂ 1124ರಿಂದ 1153ರವರೆಗೆ ಆಳಿದವನೂ ಆದ ಒಂದನೆಯ ಡೇವಿಡ್. 1314ರಲ್ಲಿ ದುರ್ಗವನ್ನು ಆಂಗ್ಲರಿಂದ ಮರಳಿ ಗೆದ್ದಾಗ, ಅದು ಮತ್ತೆ ಶತ್ರುಗಳಿಗೆ ಉಪಯೋಗವಾಗದಿರಲೆಂದು ರಾಬರ್ಟ್ ಬ್ರೂಸನು ಕೆಡವಿಸಿದನು. ಈ ಮಂದಿರವು ಮಾತ್ರ ಉಳಿಯಿತು. ಮುಂದೆ ಅದು ಮದ್ದಿನ ಮನೆಯಾಗಿ, 1845ರಲ್ಲಿ ಡೇನಿಯಲ್ ವಿಲ್ಸನ್ನನು ಗುರುತಿಸುವವರೆಗೆ ವಿಸ್ಮೃತವಾಗಿತ್ತು.

ಇದಕ್ಕಿಂತ ವಿಚಾರಾರ್ಹವಾದುದು ಡೇವಿಡ್ ಗೋಪುರದ ಕಥೆ. ಎರಡನೆಯ ಡೇವಿಡ್ ಅರಸನು 1368ರಲ್ಲಿ ಇದನ್ನು ಆರಂಭಿಸಿದನು. 1371ರಲ್ಲಿ ಅವನು ತೀರಿಕೊಂಡ ಬಳಿಕ ಕೆಲಸವು ಪೂರ್ಣಗೊಂಡಿತು. ಸುಮಾರು ನೂರು ಅಡಿ ಎತ್ತರದ ಈ ಗೋಪುರವು ಅರಸನ ವಸತಿಯೂ ದುರ್ಗದ ಮುಖವೂ ಆಗಿದ್ದಿತು. ಮೇಲುನೋಟದಿಂದ ಬಾಣಗಳ ಯುಗಕ್ಕೆ ಬಲವಾಗಿದ್ದ ಆ ಎತ್ತರವೇ ಫಿರಂಗಿಗಳಿಗೆ ಗುರಿಯಾಯಿತು. ರಾಣಿ ಮೇರಿಯ ಪಕ್ಷದವರು 1571ರಿಂದ ದುರ್ಗವನ್ನು ಹಿಡಿದಿರಲು, 1573ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಬಂದ ಭಾರಿ ಫಿರಂಗಿಗಳು ಕೆಲವೇ ದಿನಗಳಲ್ಲಿ ಗೋಪುರವನ್ನು ಉರುಳಿಸಿದುವು. ವಿಜಯಿಗಳು ಅದನ್ನು ಮತ್ತೆ ಎತ್ತಲಿಲ್ಲ. ಅದರ ಬುಡವನ್ನು ಒಳಗಿಟ್ಟು, ಅದರ ಸುತ್ತ ಅರ್ಧಚಂದ್ರಾಕಾರದ ಬತ್ತೇರಿಯನ್ನು 1588ರ ವೇಳೆಗೆ ಕಟ್ಟಿ ಮುಗಿಸಿದರು. ರಾಜಪರಿವಾರವು ಆ ಮೊದಲೇ ತಗ್ಗಿನ ಹಾಲಿರೂಡ್ ಅರಮನೆಯ ಸೌಕರ್ಯವನ್ನು ಮೆಚ್ಚಿದ್ದುದೂ ಇದಕ್ಕೆ ಅನುಕೂಲವಾಯಿತೆಂದು ನಮ್ಮ ಅಭಿಪ್ರಾಯ. ನಗರದಿಂದ ನೋಡುವವರಿಗೆ ದುರ್ಗದ ಲಕ್ಷಣವೆಂದೇ ತೋರುವ ಆ ಬಾಗಿದ ಗೋಡೆಯು, ಹೀಗೆ, ಅರಸನ ಮನೆಯ ಮೇಲೆ ಕವಿದ ಫಿರಂಗಿಯ ಜಗಲಿ. ಒಳಗಿನ ಅವಶೇಷಗಳು ಪುನಃ ಬೆಳಕಿಗೆ ಬಂದುದು 1912ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿನ ರಾಜಕಿರೀಟವನ್ನು ಅಡಗಿಸಿಟ್ಟುದೂ ಇಲ್ಲಿಯೇ!

ಮಹಾಸಭಾಂಗಣದಲ್ಲಿ ಎಚ್ಚರವು ಇನ್ನೂ ಹೆಚ್ಚು ಬೇಕು. ನಾಲ್ಕನೆಯ ಜೇಮ್ಸನ ಕಾಲದಲ್ಲಿ, ಸುಮಾರು 1511ರಲ್ಲಿ ಮುಗಿದ ಇದು 1650ರ ಬಳಿಕ ಕ್ರಾಮ್ವೆಲ್ಲನ ಸೈನಿಕರ ವಸತಿಯಾಗಿ, ಮುಂದೆ ಸೈನಿಕ ಆಸ್ಪತ್ರೆಯಾಗಿ ಬಳಕೆಯಾಯಿತು. 1887ರಿಂದ 1891ರವರೆಗೆ ಹಿಪ್ಪೊಲೈಟ್ ಬ್ಲಾಂಕನು ನಡೆಸಿದ ಜೀರ್ಣೋದ್ಧಾರವು ಅದನ್ನು ರಕ್ಷಿಸಿತೆಂಬುದು ನಿಜ. ಆದರೆ ತಾನು ಮಧ್ಯಯುಗವೆಂದು ಕಲ್ಪಿಸಿದುದನ್ನು ಅವನು ಧಾರಾಳವಾಗಿ ಸೇರಿಸಿದನು. ಮರದ ತೊಲೆಗಳ ಛಾವಣಿಯು ಜೇಮ್ಸನ ಕಾಲದ್ದು. ಅದರ ಕೆಳಗಿನ ಗೋಡೆಯ ಹಲಗೆಗಳೂ ದೊಡ್ಡ ಅಗ್ಗಿಷ್ಟಿಕೆಯೂ ಬ್ಲಾಂಕನವು.